ಏಳನೆಯ ಕಣದ ತವರು

ಕ್ರಿಸ್ತಶಕ ೨೩೯೧, ಫೆಬ್ರವರಿ ಮೂವತ್ತು, ಸಂಜೆ ಆರು ಗಂಟೆ.

ಹಿಂದಿನ ಕಾಲದ ಆಕಾಶವೀಕ್ಷಕರೇ,

ನಿಮ್ಮ ಪಂಚಾಂಗದಲ್ಲಿ ಈ ದಿನವಿಲ್ಲ, ನಮ್ಮದರಲ್ಲಿದೆ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಅದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ.

ನಮ್ಮ ಬಯಲಿನಲ್ಲಿ ಸಾವಿರದ ಇನ್ನೂರು ನೀರಿನ ತೊಟ್ಟಿಗಳಿವೆ. ಪ್ರತಿ ಮನೆಯವರೂ ತಮ್ಮ ಪಾಲಿನ ತೊಟ್ಟಿಗಳ ಧೂಳನ್ನು ಒರೆಸಿಯೇ ಬೆಳಗಿನ ತಿಂಡಿಗೆ ಕೂರುತ್ತಾರೆ. ವ್ಯೋಮದಿಂದ ಮಹಾವೇಗದ ಕಣವೊಂದು ಬಂದು ಗಾಳಿಗೆ ಬಡಿದರೆ ಕೋಟಿ ಚೂರುಗಳು ನೆಲಕ್ಕೆ ಸುರಿಯುತ್ತವೆ. ಇದನ್ನು ಕಣಮಳೆ ಎನ್ನುತ್ತೇವೆ. ಚೂರುಗಳು ಹಾಯುವಾಗ ಮುಚ್ಚಿದ ತೊಟ್ಟಿಯ ಕತ್ತಲಲ್ಲಿ ನೀರು ನೀಲಿಯಾಗಿ ಮಿನುಗುತ್ತದೆ. ಯಾವ ತೊಟ್ಟಿ ಮೊದಲು ಮಿನುಗಿತು, ಯಾವುದು ಆಮೇಲೆ ಎಂಬುದರಿಂದ ಕಣ ಬಂದ ದಿಕ್ಕನ್ನು ಎಣಿಸುತ್ತೇವೆ. ಅದು ಹುಟ್ಟಿದ ಎಡೆಯೇ ಅದರ ತವರು. ಸಾಮಾನ್ಯ ಕಣಗಳು ನಕ್ಷತ್ರಗಳ ನಡುವಿನ ಕಾಂತಬಲಕ್ಕೆ ಸಿಕ್ಕಿ ಬಾಗಿ ಬರುತ್ತವೆ. ಅತ್ಯಂತ ಬಲಿಷ್ಠವಾದವು ಮಾತ್ರ ಹೆಚ್ಚುಕಡಿಮೆ ನೇರವಾಗಿ ಬರುತ್ತವೆ, ಅದೂ ಅಪರೂಪಕ್ಕೆ.

ನೂರೆಂಬತ್ತು ವರ್ಷಗಳಲ್ಲಿ ಆಕಾಶದ ಒಂದೇ ಮೂಲೆಯಿಂದ ಅಂಥ ಆರು ಕಣಗಳು ಬಂದಿವೆ. ಏಳಾದರೆ ಮಾತ್ರ ತವರು ಸಿಕ್ಕಿತೆಂದು ಸಾರಬಹುದು. ತೊಟ್ಟಿಗಳ ನೀರನ್ನು ಹೊಸ ಬಡಾವಣೆಗೆ ಹರಿಸಬೇಕೆಂಬ ಬೇಡಿಕೆ ಊರಿನ ಸಭೆಯ ಮುಂದಿದೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ತೀರ್ಮಾನ. ತವರು ಸಿಕ್ಕಿದ್ದರೆ ಬಯಲು ಉಳಿಯುತ್ತದೆ, ಇಲ್ಲವಾದರೆ ಬರಿದಾಗುತ್ತದೆ.

ನಿನ್ನೆ ಬೆಳಗ್ಗೆ ಏಳನೆಯದು ಬಿತ್ತು. ಇಬ್ಬರು ಎಣಿಕೆಗಾರರು ಬೇರೆಬೇರೆ ಕೋಣೆಗಳಲ್ಲಿ ಕುಳಿತು, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ ಎಣಿಸಬೇಕೆಂಬುದು ಕಟ್ಟಳೆ. ನನ್ನದು ಮೊದಲು ಮುಗಿಯಿತು. ಅರವತ್ತು ವರ್ಷ ಕಾದವನು ನಾನು. ಎರಡನೆಯ ಎಣಿಕೆಗಾರ್ತಿಯಾದ ನನ್ನ ತಂಗಿಯ ಮಗಳು ತಿಪ್ಪಮ್ಮನ ಕಿಟಕಿಯನ್ನು ದಾಟುವಾಗ "ಅದೇ ಮೂಲೆ!" ಎಂದು ಕೂಗಿಬಿಟ್ಟೆ.

"ಅಯ್ಯೋ ಮಾವ, ಬಾಯಿ ಬಿಟ್ಟೇಬಿಟ್ಯಲ್ಲ! ನಂದಿನ್ನೂ ಅರ್ಧ ಆಗಿತ್ತು," ಎಂದಳು.

ಅವಳ ಉತ್ತರವೂ ಅದೇ ಮೂಲೆಗೆ ಬಂದಿತು. ಸಂಜೆ ತಾನಾಗಿ ಬಂದು ಒಪ್ಪಿಕೊಂಡಳು: ನನ್ನ ಕೂಗು ಕೇಳಿದ ಮೇಲೆ, ಆ ಮೂಲೆಗೆ ಹೊಂದದ ಒಂದು ತೊಟ್ಟಿಯ ಅಂಕಿಯನ್ನು ಕೆಟ್ಟದ್ದೆಂದು ಬಿಟ್ಟಿದ್ದಳು. ಸೇರಿಸಿದರೆ ದಿಕ್ಕು ಮೂಲೆಯಿಂದಾಚೆಗೆ ಸರಿಯುತ್ತದೆ. ಆ ಅಂಕಿಯನ್ನು ನಾನೂ ಬಿಟ್ಟಿದ್ದೆ. ಅರಿವಿನಿಂದಲೋ ಆಸೆಯಿಂದಲೋ, ನನಗೇ ತಿಳಿಯದು.

"ನಮ್ಮಿಬ್ರಿಗಲ್ದೆ ಯಾರ್ಗೂ ಗೊತ್ತಿಲ್ಲ ಮಾವ. ನೀರು ಹೋದ್ರೆ ಆಮೇಲೆ ಏನಂತ ಆಕಾಶ ನೋಡೋದು?"

ಆದರೂ ಇಂದು ಏಳನೆಯದನ್ನು ಹೊಡೆದುಹಾಕಿ, ತಪ್ಪು ನನ್ನದೆಂದು ಬರೆದೆ. ತಿಪ್ಪಮ್ಮ ಮಾತು ಬಿಟ್ಟಿದ್ದಾಳೆ.

ನಿಮ್ಮ ಕಾಲದ ಅಂಕಿಗಳಲ್ಲಿ ಅರ್ಧ ಮಾತ್ರ ನಮಗೆ ತಲುಪಿವೆ. ಉಳಿದವನ್ನು ಹೊಂದಲಿಲ್ಲವೆಂದು ಯಾರೋ ಎಸೆದರಂತೆ. ನಿಜವಾದ ಏಳನೆಯ ಕಣ ಅವುಗಳಲ್ಲಿ ಇದ್ದಿರಬಹುದು. ಈ ಕಾಗದ ಕೈಸೇರಿದಾಗ ಆ ಅಂಕಿಗಳ ಕಂತೆ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ದಯಮಾಡಿ ಎಸೆಯದೆ ನಮಗಾಗಿ ಉಳಿಸಿಡಿ. ಸಭೆ ಸೇರಲು ನಮಗಿನ್ನೂ ಹದಿನೆಂಟು ಗಂಟೆಗಳಿವೆ.

ಓಬಳಯ್ಯ,
ಹಿರಿಯ ಎಣಿಕೆಗಾರ