ಟರ್ಕಿ ಹುಂಜದ ಕಾಲಳತೆ

ಜುಲೈ 8, ಬೆಳಗ್ಗೆ 7

ಕುಣಿಗಲ್ ಶೆಡ್. ಇಪ್ಪತ್ತು ಟರ್ಕಿ ಹುಂಜಗಳ ತೂಕ ಆಯ್ತು. ಹತ್ತಕ್ಕೆ ಬೀಜ ತೆಗೆದು ಹತ್ತು ವಾರ. ಮಿಕ್ಕ ಹತ್ತು ಹಾಗೇ ಇವೆ. ತೂಕದಲ್ಲಿ ಅಂಥ ವ್ಯತ್ಯಾಸ ಇಲ್ಲ. ಕಾಲು ಮಾತ್ರ ಬೀಜ ತೆಗೆದವಕ್ಕೇ ಉದ್ದ. ಮೂಳೆಗೆ ಸಾಕು, ನಿಲ್ಲು ಅನ್ನೋ ಹಾರ್ಮೋನ್ ಇಲ್ಲ, ಬೆಳೀತಾನೇ ಇದೆ. ನನ್ನ ಪಿಎಚ್‌ಡಿಗೆ ಬೇಕಿದ್ದಿದ್ದೇ ಇದು. ಖುಷಿ ಆಗ್ಬೇಕು. ಆಗ್ಲಿಲ್ಲ. ಅಪ್ಪನ ಟೆಸ್ಟ್ ರಿಪೋರ್ಟ್ ಇನ್ನೂ ಬಂದಿಲ್ಲ.

ಜುಲೈ 11

ಅಪ್ಪನ ರಿಪೋರ್ಟ್ ಬಂತು. ಪ್ರಾಸ್ಟೇಟ್ ಕ್ಯಾನ್ಸರ್, ಬೆನ್ನುಮೂಳೆಗೂ ಹೋಗಿದೆ. ಎರಡೂ ಬೀಜ ತೆಗೆದ್ರೆ ಹತೋಟಿಗೆ ಬರಬಹುದಂತೆ. ಈ ವಯಸ್ಸಲ್ಲಿ ತೆಗೆದ್ರೆ ಮೂಳೆ ಸವೆಯುತ್ತೆ, ಕ್ಯಾಲ್ಸಿಯಂ ಕೊಡಿ ಅಂದ್ರು ಡಾಕ್ಟರ್. ತಲೆ ಆಡಿಸ್ದೆ. ಗೊತ್ತಿರೋ ಪಾಠ.

ಅಣ್ಣ ಗೋವಿಂದರಾಜು ಹಿರೇಹಳ್ಳಿ ಫ್ಯಾಕ್ಟರಿಯಿಂದ ನೇರ ಬಂದ. ಅಪ್ಪಂಗೆ ಹರ್ನಿಯಾ ಆಪರೇಷನ್ ಅನ್ನೋಣ ಅಂದ. ಸಿ.ಎಸ್. ಪುರದ ಸುತ್ತ ಯಾರ ಹೋರಿ ಬೀಜ ಒಡೀಬೇಕಾದ್ರೂ ಅಪ್ಪನ್ನೇ ಕರೀತಿದ್ರು. ಅಂಥವನಿಗೆ ಇದನ್ನ ಹೆಂಗೆ ಹೇಳ್ತೀಯ ಅಂದ. ಹೂಂ ಅಂದೆ.

ಜುಲೈ 14

ಪೇಷಂಟ್‌ಗೆ ಎಲ್ಲಾ ಹೇಳಿದೀರಾ ಅಂತ ಡಾಕ್ಟರ್ ಕೇಳಿದ್ರು. ಹೇಳಿದೀವಿ ಅಂದೆ. ನಾನೇ ಅಂದಿದ್ದು, ಅಣ್ಣ ಅಲ್ಲ. ಅಪ್ಪ ಕನ್ನಡಕ ಇಲ್ದೆ, ಆಪರೇಷನ್ ಒಪ್ಪಿಗೆ ಪತ್ರಕ್ಕೆ ವೆಂಕಟರಂಗಯ್ಯ ಅಂತ ನಿಧಾನಕ್ಕೆ ಸೈನ್ ಹಾಕ್ದ. ಒಳಗಿನ ಬೀಜ ಮಾತ್ರ ತೆಗೆದು ಮೇಲಿನ ಚೀಲ ಹಾಗೇ ಬಿಡ್ತಾರಂತೆ. ಗೊತ್ತಾಗಲ್ವಂತೆ...

ಸೆಪ್ಟೆಂಬರ್ 2

ಮರಳೂರು ಮನೆ. ಆಪರೇಷನ್ ಆದ್ಮೇಲೆ ಬೆನ್ನುನೋವು ಕಮ್ಮಿ. ಆದ್ರೆ ಅಪ್ಪ ಫ್ಯಾನ್ ಕೆಳಗೂ ಬೆವರ್ತಾನೆ. ಹರ್ನಿಯಾಗೂ ಸೆಕೆಗೂ ಏನವ್ವಾ ಸಂಬಂಧ ಅಂದ. ಮಾತ್ರೆ ಎಫೆಕ್ಟ್ ಅಂದೆ. ಸುಳ್ಳು ಹೇಳೋಕೆ ಈಗ ನಾಲಿಗೆ ತಡವರಿಸೋದೂ ಇಲ್ಲ.

ಸೆಪ್ಟೆಂಬರ್ 19, ಸಂಜೆ 5

ಮನೇಲಿ ಬೇಜಾರು ಅಂತ ಅಪ್ಪನೂ ಶೆಡ್‌ಗೆ ಬಂದ. ಬೇಡ ಅನ್ನಬೇಕಿತ್ತು. ಎಂಥಾ ದಡ್ಡಿ ನಾನು.

ಒಂದು ಕಡೆ ಹತ್ತು ಹುಂಜ ಗರಿ ಕೆದರ್ಕೊಂಡು ಕೂಗಾಡ್ತಿದ್ವು, ತಲೆ ಕೆಂಪಗೆ. ಇನ್ನೊಂದು ಕಡೆ ಹತ್ತು, ಬಿಳಚಿಕೊಂಡು, ಸುಮ್ಮನೆ. ಅಪ್ಪ ಜಾಲರಿ ಹಿಡ್ಕೊಂಡು ಬಹಳ ಹೊತ್ತು ನೋಡ್ದ. ಇವುಕ್ಕೆ ಬೀಜ ಒಡೆದಿದೀರಾ ಅಂದ. ಹೂಂ ಅಂದೆ. ಗಲ್ಲ ಸವರಿಕೊಂಡ. ಎರಡು ತಿಂಗಳಿಂದ ಗಡ್ಡಾನೂ ಸರಿಯಾಗಿ ಬರ್ತಿಲ್ಲ ಅಂದ. ಆಮೇಲೆ ನನ್ನ ಮುಖ ನೋಡ್ದ.

"ನಂಗೂ ಅದೇನಾ?"

ಕೈಲಿದ್ದ ಹಕ್ಕಿ ಕಾಲಿಗೆ ಟೇಪ್ ಹಿಡಿದೆ.

"ಹೋರಿಗೂ ಕಿವೀಲಿ ಒಂದ್ ಮಾತು ಹೇಳಿ ಒಡೀತಿದ್ದೆ ಕಣವ್ವಾ, ನಾನು."

ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಹದಿನೇಳನೇ ಹಕ್ಕಿ ಕೈಯಲ್ಲೇ ಇತ್ತು. ಕಾಲು ಅಳೆದೆ. ಬರ್ಕೊಂಡೆ. ತಲೆ ಎತ್ತಿದ್ರೆ ಅಪ್ಪ ಗೇಟ್ ದಾಟಿ ಬಸ್ ಸ್ಟಾಪ್ ಕಡೆ ಹೋಗ್ತಿದ್ದ, ಒಬ್ಬನೇ. ಕೂಗ್ದೆ. ತಿರುಗಲಿಲ್ಲ. ಓಡ್ದೆ. ಅಪ್ಪಾ, ನಾನೇ ಹೇಳಬೇಕಿತ್ತು ಅಂದೆ.