ವಾಲಿದ ಭುಜ

ನವೆಂಬರ್ ೧೨, ಮಂಗಳವಾರ

ಇವತ್ತು ನನ್ನ ಕೈಯೇ ನನಗೆ ಕೈಕೊಟ್ಟಿತು. ನಮ್ಮ ಟೈಲರಿಂಗ್ ಅಂಗಡಿಯ ಗಿರಾಕಿ ಮೇಷ್ಟ್ರ ಅಂಗಿಯ ಎಡಭುಜವನ್ನು ಇಳಿಸಿ ಕತ್ತರಿಸಿಬಿಟ್ಟಿದ್ದೆ. ವಾಲಿದ ಭುಜ ಅವರದಲ್ಲ, ನನ್ನನ್ನು ಬಿಟ್ಟುಹೋದ ಗಂಡನದು. ಇಷ್ಟು ವರ್ಷ ಅವನ ಅಂಗಿಗಳನ್ನು ಹೊಲಿದದ್ದು ನಾನೇ.

"ಯಾಕಮ್ಮಾ, ನಾನು ಅಷ್ಟೊಂದು ವಾಲಿದ್ದೀನಾ?" ಎಂದು ಮೇಷ್ಟ್ರು ಕನ್ನಡಿ ನೋಡಿ ನಕ್ಕರು. ಜೈಲಿನಲ್ಲಿರುವ ಮಗನ ಮುಂದೆ ನೆಟ್ಟಗೆ ನಿಂತಂತೆ ಕಾಣಬೇಕೆಂದೇ ಹೊಲಿಸಿದ ಅಂಗಿ ಅದು. ನನಗೆ ಅಳು ಒತ್ತರಿಸಿ ಬಂತು.

ಅಂಗಡಿ ನಡೆಸುವ ಅಕ್ಕ ಗದರಿದಳು: "ಹೊಲಿಗೆ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿದ್ದೀಯಲ್ಲ, ಬಿಚ್ಚಿ ಹೊಲಿದ್ರಾಯ್ತು. ಅಳೋದೇನು ಬಂತು?"

ಊರಿನ ಗಲಾಟೆಯಿಂದಾಗಿ ಹಾಕಿರುವ ರಾತ್ರಿ ಕರ್ಫ್ಯೂ ಶುರುವಾಗುವುದರೊಳಗೆ ಅಂಗಿಯನ್ನು ಮನೆಗೆ ತಂದೆ. ಈಗ ಹೊಲಿಗೆ ಬಿಚ್ಚಿ ಕೂತಿದ್ದೇನೆ. ದಾರ ಹೋದಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿದಿವೆ. ಎರಡು ಸಲ ಒಗೆದರೆ ಮುಚ್ಚಿಕೊಳ್ಳುತ್ತವೆ ಎಂದು ಗಿರಾಕಿಗಳಿಗೆ ಎಷ್ಟು ಸಲ ಹೇಳಿಲ್ಲ ನಾನು. ಈಗ ನನಗೆ ಯಾರಾದರೂ ಹೇಳಬೇಕು.