ಜಿಲೆಟಿನ್ ಬೆರೆತ ಬೀರು ಮತ್ತು ಬಾರದ ಸೇನಾಪತಿ

ಮೀರಾ ಮೆಸಾ, ಮಾರ್ಚ್ 2004

ಲಾಸ್ ಏಂಜಲೀಸಿನ ಆ ಮನೆಯಲ್ಲಿ ನೆರೆದಿರುವ ಮಹನೀಯರೆ, ಸೋಫಾ ಹಿಡಿದು ಕೂತವರೆ, ಕಾರ್ಪೆಟ್ಟಿನ ಮೇಲೆ ಉರುಳಿದ ಮಕ್ಕಳೆ, ಟೀವಿಯ ದನಿ ತಗ್ಗಿಸಿ ಇತ್ತ ಕಿವಿಗೊಡಿ. ಈ ಪತ್ರವನ್ನು ದೀಪಾಲಿ ಗಟ್ಟಿಯಾಗಿ ಓದುತ್ತಾಳೆ. ಯಾಕೆಂದರೆ ಅವಳ ಗಂಡ ನನ್ನ ಅಕ್ಷರ ಕಂಡರೆ ಲಕೋಟೆ ಒಡೆಯುವುದಿಲ್ಲ. ಪರದೆ ಮೇಲೇಳಲಿ.

ಗೆಳೆಯ ಸಿದ್ಧಲಿಂಗೇಶ,

ನಿನ್ನ ಆನ್ಸರಿಂಗ್ ಮಷೀನಿನ ಜೊತೆ ಮಾತಾಡಿ ಮಾತಾಡಿ ನನಗೂ ಅದಕ್ಕೂ ಸಲುಗೆ ಬೆಳೆದಿದೆ. ಯುಗಾದಿ ಬಂತು, ನಮ್ಮ ಕನ್ನಡ ಕೂಟದ ನಾಟಕ ಬಂತು. ನಾನು ರಾಜ, ನೀನು ಸೇನಾಪತಿ. ಸೇನಾಪತಿಯೇ ಇಲ್ಲದಿದ್ದರೆ ರಾಜ ಗದರಿಸುವುದು ಯಾರನ್ನು? ಸದ್ಯಕ್ಕೆ ಗರಾಜಿನ ಹಳೆಯ ಫ್ರಿಜ್ಜನ್ನು ನಿಲ್ಲಿಸಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದೇನೆ. "ಎಲವೋ ದ್ರೋಹಿ" ಎಂದರೆ ಅದು ಗುರ್ ಎನ್ನುತ್ತದೆ. ಅಭಿನಯದಲ್ಲಿ ನಿನಗಿಂತ ವಾಸಿ.

ಇಷ್ಟಕ್ಕೂ ನಡೆದದ್ದೇನು? ನಾವಿಬ್ಬರೂ ಅದೇ ಗರಾಜಿನಲ್ಲಿ ಬೀರು ಕಾಯಿಸಿದೆವು. ರುಚಿ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು, ಆದರೆ ಕದಡಿದ ಕೆರೆಯ ಹಾಗಿತ್ತು. ನನಗೇನೂ ತಕರಾರಿರಲಿಲ್ಲ. ನಿನಗಿತ್ತು. "ಏನಲೇ ದಾನ್ಯಾ, ಇದು ಬೀರೋ ಅಂಬಲಿಯೋ? ಗ್ಲಾಸಿನ್ಯಾಗಿಂದ ನೋಡಿದ್ರ ಆಚೀ ಕಡಿ ಪೇಪರ್ ಓದಾಕ ಬರಬೇಕು" ಎಂದೆ. ಆ ರಾತ್ರಿ ನಮ್ಮಲ್ಲೇ ಉಳಿದು, ಮರುದಿನ ಕರ್ನಿ ಮೆಸಾದ ಯಾವುದೋ ಅಂಗಡಿಯಿಂದ ಬೀರು ತಿಳಿಗೊಳಿಸುವ ಪುಡಿ ತಂದವನು ನೀನು. ಅದನ್ನು ತಣ್ಣೀರಿನಲ್ಲಿ ನೆನೆಸಿ, ಕುದಿಯದಂತೆ ಹದವಾಗಿ ಬಿಸಿ ಮಾಡಿ, ಮಗುವಿಗೆ ಔಷಧಿ ಹಾಕುವವನಂತೆ ತಣ್ಣಗಿದ್ದ ಪೀಪಾಯಿಗೆ ಸುರಿದವನೂ ನೀನೇ. ಆ ಪುಡಿ ಕದಡನ್ನೆಲ್ಲ ಹಿಡಿದು ತಳಕ್ಕೆ ಎಳೆಯಿತು. ಮುಂದಿನ ವಾರಾಂತ್ಯ ನೀನು ಮತ್ತೆ ಬರುವಷ್ಟರಲ್ಲಿ ಬೀರು ಫಳಫಳ ಹೊಳೆಯುತ್ತಿತ್ತು. ನೀನು ಗ್ಲಾಸನ್ನು ಕಿಟಕಿಗೆ ಹಿಡಿದು, ಅದರೊಳಗಿಂದ ಆಚೆ ಮನೆಯ ಕಾರಿನ ನಂಬರ್ ಓದಿದೆ, ಆಮೇಲೆ ಅರ್ಧ ಗ್ಲಾಸು ಕುಡಿದೆ.

ಆಗ ನನ್ನ ಮಗಳು ನಮ್ರತಾ ಬಂದಳು. ಮೇಜಿನ ಮೇಲಿನ ಡಬ್ಬಿ ನೋಡಿ, ನಿನ್ನ ಮುಖ ನೋಡಿ, "ಅಂಕಲ್, ದಿಸ್ ಈಸ್ ಜಿಲೆಟಿನ್. ಯೂ ಟೋಲ್ಡ್ ಮಿ ಇಟ್ಸ್ ಬೋನ್ಸ್" ಎಂದಳು. ಹೇಳಿಕೊಟ್ಟವನು ನೀನಲ್ಲವೆ? ಬರ್ತ್‌ಡೇ ಪಾರ್ಟಿಗಳಲ್ಲಿ ಕೂಸಿನ ಕೈಯಿಂದ ಕರಡಿಯಾಕಾರದ ಮಿಠಾಯಿ ಕಿತ್ತುಕೊಂಡು, ಇದರಲ್ಲಿ ದನದ ಮೂಳೆ, ಚರ್ಮ ಇದೆ ಎಂದು ಅಳಿಸಿದವನು ನೀನು. ಅಂಗಡಿಗಳಲ್ಲಿ ಪ್ರತಿ ಪೊಟ್ಟಣವನ್ನೂ ತಿರುಗಿಸಿ ಓದುವವನು, ಬೀರಿನ ಡಬ್ಬಿಯನ್ನು ಮಾತ್ರ ಓದಲಿಲ್ಲ. ಬೀರಿನೊಳಗೆ ಮಾಂಸ ಅಡಗಿರುತ್ತದೆಂದು ನಮ್ಮಂಥವರಿಗೆ ಹೊಳೆಯುವುದಾದರೂ ಹೇಗೆ?

ನೀನು ಗ್ಲಾಸನ್ನು ಸಿಂಕಿನ ಪಕ್ಕ ಇಟ್ಟೆ. ಕೀಲಿ ತೆಗೆದುಕೊಂಡು ಹೊರಟೆ. ಮತ್ತೆ ಬರಲಿಲ್ಲ.

ನಿಮ್ಮವ್ವ ಮಲ್ಲವ್ವನಿಗೆ ಕೊಟ್ಟ ಮಾತು ನನಗೂ ಗೊತ್ತು. ನೀನು ವಿಮಾನ ಹತ್ತುವ ಮುಂಚೆ "ಕಣ್ಣಿದ್ದದ್ದನ್ನ ತಿನಬ್ಯಾಡಪಾ" ಎಂದಿದ್ದಳು. ಬೀರಿನ ಬಗ್ಗೆ ಫೋನಿನಲ್ಲಿ ಕೇಳಿದಾಗ ನೀನು ಜವೆಗೋಧಿ ನೀರು ಎಂದೆ. "ತಂಪು ಇರ್ತೈತಿ, ಕುಡಿ" ಎಂದಳು. ಹೋದ ವರ್ಷ ಅವಳು ಹೋದಳು, ಆ ಮಾತು ಮಾತ್ರ ನಿನ್ನ ಬಳಿ ಉಳಿಯಿತು. ಈಗ ಅದೂ ಕೆಟ್ಟಿತೆಂದು ನೀನು ಲಿಂಗಪೂಜೆಗೆ ಕೂತು, ಅಂಗೈ ಚಾಚಿ, ಹಿಂದಕ್ಕೆಳೆದುಕೊಂಡು ಎದ್ದುಬಿಡುತ್ತೀಯಂತೆ. ದೀಪಾಲಿ ಹೇಳಿ ಅತ್ತಳು. ನಿನಗೆ ಬುದ್ಧಿ ಹೇಳಲು ಫೋನ್ ಮಾಡಿದರೆ ಮಷೀನು ಬೀಪ್ ಎನ್ನುತ್ತದೆ.

ನಾನು ಸುಮ್ಮನೆ ಕೂತೆನೆಂದುಕೊಂಡೆಯಾ? ಪಕ್ಕದ ಮನೆಯ ಅಕ್ಬರ್ ಪಾಷಾ ಬಳಿ ಹೋಗಿ ಎಲ್ಲ ಹೇಳಿದೆ. "ಬೀರಿನ ವಿಷ್ಯ ನಾನ್ ಕೇಳಿಸ್ಕೊಂಡೇ ಇಲ್ಲ ಸ್ವಾಮಿ. ಆದ್ರೆ ಜಿಲೆಟಿನ್ ಇದ್ಯಾ ಅಂತ ನೋಡ್ದೆ ನಮ್ಮನೆಗೆ ಒಂದ್ ಚಾಕ್ಲೇಟೂ ಬರಲ್ಲ. ನನ್ನ ಕೇಳ್ಬಾರ್ದಿತ್ತಾ? ಚೈನಾ ಗ್ರಾಸ್ ಹಾಕಿ, ಸಮುದ್ರದ ಪಾಚಿ, ಯಾರ್ದೂ ತಕರಾರಿಲ್ಲ" ಎಂದರು. ಅವರ ಹೆಂಡತಿ ಜೈನಬ್ ಬೀ ಸಿಹಿ ಮಾಡುವಾಗ ಹಾಕುವಷ್ಟೇ, ಅಂದರೆ ಇಡೀ ಕಟ್ಟನ್ನೇ, ಕರಗಿಸಿ ಹೊಸ ಬೀರಿಗೆ ಸುರಿದೆ. ಬೆಳಗಾಗುವಷ್ಟರಲ್ಲಿ ಪೀಪಾಯಿ ತುಂಬ ನಡುಗುವ ಬೀರು. ನನ್ನ ಹೆಂಡತಿ ತುಳಸಿ ಇಣುಕಿ ನೋಡಿ, "ಪ್ಲೇಟಿನ್ಯಾಗ ಹಾಕ್ಕೊಡ್ಲ್ಯಾ? ಚಮಚಾನೂ ಬೇಕೇನು?" ಎಂದು ಕೇಳಿದಳು. ಚಾಕುವಿನಿಂದ ಕೊಯ್ದು ಹೊರಗೆ ಚೆಲ್ಲಿದೆ.

ಅದನ್ನು ಚೆಲ್ಲುವಾಗ ಗದಗಿನ ನಿಮ್ಮ ಅಡುಗೆಮನೆ ನೆನಪಾಯಿತು. ನಾಟಕದ ಟೆಂಟಿನ ಧೂಳು ಮೈಗೆ ಬಳಿದುಕೊಂಡು ಹೋದ ನಮ್ಮಿಬ್ಬರ ಮುಂದೆ ಮಲ್ಲವ್ವ ಅಂಬಲಿಯ ತಂಬಿಗೆ ಇಡುತ್ತಿದ್ದಳು. ನೀನು ಮೇಲಿನ ತಿಳಿಯನ್ನಷ್ಟೇ ಕುಡಿಯಲು ಹೋದರೆ ಕೈಹಿಡಿದು ನಿಲ್ಲಿಸುತ್ತಿದ್ದಳು. "ಸತ್ವ ತಳದಾಗ ಕುಂತೈತಿ, ಕಲಕಿ ಕುಡಿ." ಆ ತಂಬಿಗೆಯೊಳಗಿಂದ ಯಾವ ಪೇಪರ್ ಓದಿದ್ದೆಯೋ ನೀನು? ಗೊತ್ತಿಲ್ಲದೆ ಬಾಯಿಗೆ ಬಂದದ್ದಕ್ಕೆ ಅವಳು ನಿನ್ನನ್ನು ಏನೂ ಕೇಳುತ್ತಿರಲಿಲ್ಲ. ಗೆಳೆಯನಿಗೆ ಬಾಗಿಲು ಹಾಕಿದ್ದಕ್ಕೆ ಮಾತ್ರ ಸೌಟು ಹಿಡಿದು ಬರುತ್ತಿದ್ದಳು.

ಮೂರನೆಯ ಬಾರಿ ಕಾಯಿಸಿದ್ದೇನೆ. ಪುಡಿಯಿಲ್ಲ, ಪಾಚಿಯಿಲ್ಲ, ಬರೀ ಜವೆಗೋಧಿ ಮತ್ತು ತಂಪು. ತಿಳಿಯಾಗಿಲ್ಲ, ಆಗುವುದೂ ಬೇಡ. ಇಂದು ಸಂಜೆ ಲಾಸ್ ಏಂಜಲೀಸಿಗೆ ಹೊರಟಿರುವ ಪಾಷಾ ಸಾಹೇಬರ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ನಿನ್ನ ಅಂಗೈ ಲಿಂಗಕ್ಕೆ ಮತ್ತೆ ಚಾಚಿಕೊಳ್ಳಲಿ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತೇನೆ. ಪೂಜೆ ಮುಗಿಸಿಯೇ ಬಾಗಿಲಿಗೆ ಬಾ, ಕಾಯುತ್ತೇನೆ. ನಾಳೆ ಬೆಳಿಗ್ಗೆ, ಫ್ರೀವೇ ತುಂಬುವ ಮುಂಚೆ ಹೊರಟು, ನಿನ್ನ ಮನೆಯ ಹುಲ್ಲಿನ ಮೇಲೆ ಕಿರೀಟ ಧರಿಸಿ ನಿಂತು, ಸೇನಾಪತಿಯನ್ನು ಕರೆಯುವ ಮಾತನ್ನು ಇಡೀ ಬೀದಿಗೆ ಕೇಳುವಂತೆ ಹೇಳುತ್ತೇನೆ. ನೀನು ಹೊರಗೆ ಬಂದ ಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ, ತಳವನ್ನೆಲ್ಲ ಕಲಕಿ, ನಿನ್ನ ಗ್ಲಾಸಿಗೆ ಸುರಿಯುತ್ತೇನೆ.

ಇಂತಿ,
ಸೈನ್ಯವಿಲ್ಲದ ನಿನ್ನ ರಾಜ,
ದಾನಪ್ಪ